ವಿ.ಪಿ.ಪಿ.ಯಿಂದ ಓ.ಟಿ.ಪಿ.ಯವರೆಗೆ: ಕಾಣದ ಅಂಗಡಿಯ ವ್ಯಾಪಾರದ ಚರಿತ್ರೆ

ವಿಶಾಖಪಟ್ಟಣದ ದ್ವಾರಕಾ ನಗರದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈಗ ನಿತ್ಯವೂ ಕಾಣಸಿಗುವ ಒಂದು ದೃಶ್ಯವಿದೆ. ಗಿರಾಕಿ ಗೋಡೆಯ ಮೇಲಿನ ಟಿ.ವಿ.ಯನ್ನು ಎಡದಿಂದಲೂ ಬಲದಿಂದಲೂ ನೋಡುತ್ತಾನೆ, ದನಿ ಏರಿಸಿ ಇಳಿಸಿ ಕೇಳುತ್ತಾನೆ, ಮಾದರಿಯ ಸಂಖ್ಯೆಯನ್ನು ಬರೆದುಕೊಳ್ಳುತ್ತಾನೆ. ಬಳಿಕ ಜೇಬಿನಿಂದ ಫೋನು ತೆಗೆದು ಅದೇ ಟಿ.ವಿ.ಗೆ ಜಾಲತಾಣದಲ್ಲಿ ಎಷ್ಟು ಬೆಲೆಯೆಂದು ಹುಡುಕುತ್ತಾನೆ. ಅಂಗಡಿಯವನು ಕಂಡೂ ಕಾಣದವನಂತೆ ನಿಂತಿರುತ್ತಾನೆ. ಇವರಿಬ್ಬರ ನಡುವೆ ಮೂರನೆಯ ಅಂಗಡಿಯೊಂದು ಬಂದು ನಿಂತಿದೆ. ಅದಕ್ಕೆ ಬಾಗಿಲಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ, ಮುಖವೂ ಇಲ್ಲ. ಆ ಅಂಗಡಿಯನ್ನು ನಂಬುವುದು ಹೇಗೆ, ಎಷ್ಟರಮಟ್ಟಿಗೆ ನಂಬುವುದು ಎಂಬ ಪ್ರಶ್ನೆ ಹೊಸದೆಂದು ನಾವು ತಿಳಿದಿದ್ದೇವೆ. ಅದಕ್ಕೆ ಸುಮಾರು ನೂರೈವತ್ತು ವರ್ಷಗಳ ವಯಸ್ಸಾಗಿದೆ.

1877ರಲ್ಲಿ ಭಾರತದ ಅಂಚೆ ಇಲಾಖೆ ‘ವ್ಯಾಲ್ಯೂ ಪೇಯಬಲ್’ ಪದ್ಧತಿಯನ್ನು ಆರಂಭಿಸಿತು. ನಮ್ಮ ಹಿರಿಯರ ಬಾಯಲ್ಲಿ ಅದು ವಿ.ಪಿ.ಪಿ. ಅಥವಾ ಬರಿಯ ‘ವಿ.ಪಿ.’ ವ್ಯಾಪಾರಿ ಪಾರ್ಸೆಲನ್ನು ಕಳುಹಿಸುತ್ತಾನೆ. ಅಂಚೆಯವನು ಅದನ್ನು ಮನೆಗೆ ತಂದು, ಬೆಲೆಯನ್ನೂ ಕಮಿಷನ್ನನ್ನೂ ಎಣಿಸಿಕೊಂಡು ಸರಕನ್ನು ಒಪ್ಪಿಸುತ್ತಾನೆ. ಹಣ ಅಂಚೆಯ ಮೂಲಕವೇ ವ್ಯಾಪಾರಿಗೆ ಹೋಗುತ್ತದೆ. ಕೊಳ್ಳುವವನಿಗೆ ಮುಂಗಡ ಕೊಟ್ಟು ಮೋಸಹೋಗುವ ಭಯವಿಲ್ಲ, ಮಾರುವವನಿಗೆ ಸಾಲ ಮುಳುಗುವ ಭಯವಿಲ್ಲ. ಒಬ್ಬರನ್ನೊಬ್ಬರು ಕಾಣದ ಇಬ್ಬರ ನಡುವೆ ಸರಕಾರವೇ ನಂಬಿಕೆಯ ದಲ್ಲಾಳಿಯಾಗಿ ನಿಂತಿತು. ಆದರೆ ಈ ಏರ್ಪಾಟಿನಲ್ಲಿ ಒಂದು ಬಿರುಕು ಮೊದಲಿನಿಂದಲೂ ಇತ್ತು. ಹಣ ಕೊಡುವ ಮುನ್ನ ಕಟ್ಟನ್ನು ಬಿಚ್ಚುವಂತಿರಲಿಲ್ಲ. ಒಳಗೆ ಏನಿದೆ ಎಂಬುದಕ್ಕೆ ಅಂಚೆ ಇಲಾಖೆ ಜವಾಬ್ದಾರನಾಗಿರಲಿಲ್ಲ.

ಆ ಬಿರುಕಿನಿಂದ ಮೋಸ ಎಷ್ಟು ಬೇಗ ಒಳನುಸುಳಿತು ಎಂಬುದಕ್ಕೆ 1898ರ ಅಂಚೆ ಕಚೇರಿ ಕಾಯಿದೆಯೇ ಸಾಕ್ಷಿ. ವಿ.ಪಿ. ಕಳುಹಿಸುವವನು, ತನಗೆ ನಿಜವಾಗಿ ಬಂದ ಬೇಡಿಕೆಯ ಮೇಲೆಯೇ ಈ ಸರಕನ್ನು ಕಳುಹಿಸುತ್ತಿದ್ದೇನೆ ಎಂದು ಘೋಷಣೆ ಕೊಡುವಂತೆ ನಿಯಮ ಮಾಡುವ ಅಧಿಕಾರವನ್ನು ಆ ಕಾಯಿದೆ ಸರಕಾರಕ್ಕೆ ಕೊಟ್ಟಿತು. ವಂಚನೆ ಕಂಡುಬಂದಾಗ ವಸೂಲಾದ ಹಣವನ್ನು ತಡೆಹಿಡಿದು ವಿಳಾಸದಾರನಿಗೆ ಮರಳಿಸುವ ನಿಯಮಕ್ಕೂ ಅದರಲ್ಲಿ ಅವಕಾಶವಿತ್ತು. ಕೇಳದ ಸರಕನ್ನು ಯಾರದೋ ಹೆಸರಿಗೆ ಕಳುಹಿಸಿ ಹಣ ಕೀಳುವ ವಿದ್ಯೆ ಆಗಲೇ ಬೆಳೆದಿರದಿದ್ದರೆ ಇಂಥ ಮಾತು ಕಾಯಿದೆಯೊಳಗೆ ಬರುತ್ತಿರಲಿಲ್ಲ. ಇಂದು ‘ನಿಮ್ಮ ಹೆಸರಿಗೆ ಪಾರ್ಸೆಲ್ ಬಂದಿದೆ, ಹಣ ಕೊಡಿ’ ಎಂದು ಬಾಗಿಲು ತಟ್ಟುವವನೂ, ಮನೆಯವರು ಯಾರೋ ತರಿಸಿರಬೇಕೆಂದುಕೊಂಡು ಹಣ ಕೊಟ್ಟುಬಿಡುವ ಅಜ್ಜಿಯೂ ಆ ಕಾಯಿದೆಯ ಕಾಲದಿಂದಲೇ ನಡೆದುಬಂದವರು.

ಹೊರನಾಡ ಕನ್ನಡಿಗರಿಗೆ ವಿ.ಪಿ.ಪಿ.ಯ ಋಣ ದೊಡ್ಡದು. ಕನ್ನಡ ಪುಸ್ತಕದ ಅಂಗಡಿಯಿಲ್ಲದ ಊರುಗಳಿಗೆ ಕಾದಂಬರಿಗಳೂ ಪಂಚಾಂಗಗಳೂ ಬರುತ್ತಿದ್ದುದು ಈ ದಾರಿಯಲ್ಲಿ. ವಿಶಾಖಪಟ್ಟಣದಂಥ ಊರಿಗೆ ಬಂದರು, ಹಡಗುಕಟ್ಟೆ, ನೌಕಾಪಡೆ, ಉಕ್ಕಿನ ಕಾರ್ಖಾನೆಗಳ ಕೆಲಸಕ್ಕಾಗಿ ದೇಶದ ಎಲ್ಲ ಕಡೆಯವರೂ ಬಂದರು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂಬ ಕರಾವಳಿಯ ನಾಲ್ಕು ಬ್ಯಾಂಕುಗಳ ಕೌಂಟರುಗಳ ಹಿಂದೆ ಕನ್ನಡದವರು ಕುಳಿತರು. (ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಮಚಲಿಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ 2020ರ ಏಪ್ರಿಲ್ 1ರಂದು ಒಂದೇ ಹೊಳೆಗೆ, ಯೂನಿಯನ್ ಬ್ಯಾಂಕಿಗೆ, ಬಿದ್ದದ್ದನ್ನು ಇಲ್ಲಿನ ನಮ್ಮವರು ವಿಚಿತ್ರ ನೆಂಟಸ್ತಿಕೆಯೆಂದು ಇಂದಿಗೂ ಆಡಿಕೊಳ್ಳುತ್ತಾರೆ.) ಇಂಥವರ ಮನೆಗೆ ಊರಿನ ದನಿಯನ್ನು ತರಬಲ್ಲ ವಸ್ತು ರೇಡಿಯೊ ಒಂದೇ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ಯ ಹೆಸರು ಮುಂದೆ ದೇಶದ ಬಾನುಲಿಗೇ ಹೆಸರಾಯಿತಷ್ಟೆ. ಆದರೆ ರೇಡಿಯೊ ಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಅದಕ್ಕೆ ಪರವಾನಗಿ ಬೇಕು, ಪ್ರತಿವರ್ಷ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಆ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕು. 1980ರ ದಶಕದ ಮಧ್ಯಭಾಗದವರೆಗೂ ಈ ಕಟ್ಟುಪಾಡು ಉಳಿದಿತ್ತು.

ಬೆಲೆ ಹೆಚ್ಚು, ಆಸೆ ಇನ್ನೂ ಹೆಚ್ಚು. ಅಲ್ಲಿಗೆ ಬಂದುವು ಪತ್ರಿಕೆಗಳ ಹಿಂಬದಿಯ ಜಾಹೀರಾತುಗಳು. ಚೌಕಗಳಲ್ಲಿ ಅಂಕೆಗಳನ್ನು ತುಂಬಿ ಯಾವ ಕಡೆಯಿಂದ ಕೂಡಿದರೂ ಒಂದೇ ಮೊತ್ತ ಬರುವಂತೆ ಮಾಡಿ ಕಳುಹಿಸಿದರೆ ಟ್ರಾನ್ಸಿಸ್ಟರನ್ನು ಅರ್ಧ ಬೆಲೆಗೆ ಕೊಡುತ್ತೇವೆ ಎಂಬ ಬಗೆಯವು. ಒಗಟು ಎಷ್ಟು ಸುಲಭವೆಂದರೆ ಗೆಲ್ಲದವನೇ ಇಲ್ಲ. ಕೆಲವು ವಾರಗಳ ಬಳಿಕ ವಿ.ಪಿ. ಬರುತ್ತಿತ್ತು. ಒಳಗೆ ಒಮ್ಮೆ ಪ್ಲಾಸ್ಟಿಕ್ಕಿನ ಟೊಳ್ಳು ಡಬ್ಬ, ಒಮ್ಮೆ ಇಟ್ಟಿಗೆಯ ಚೂರು. ಅರವತ್ತು ದಾಟಿದ ಯಾವ ಓದುಗರನ್ನು ಕೇಳಿದರೂ ಇಂಥ ಕಥೆಯೊಂದು ಹೊರಬೀಳುತ್ತದೆ. ಅದು ಯಾವಾಗಲೂ ಪಕ್ಕದ ಮನೆಯವನಿಗೆ ಆದದ್ದಾಗಿರುತ್ತದೆ. ಗೆದ್ದೆನೆಂಬ ಭ್ರಮೆಯನ್ನು ಮೊದಲು ಕೊಟ್ಟು ಆಮೇಲೆ ಹಣ ಕೇಳುವುದು ಆ ಜಾಹೀರಾತಿನ ಜೀವಾಳ. ಇಂದಿನ ತಿರುಗುವ ‘ಅದೃಷ್ಟಚಕ್ರ’ದ ಕೊಂಡಿಗಳು ಇದಕ್ಕೆ ಸೇರಿಸಿದ್ದು ಬಣ್ಣವನ್ನು ಮಾತ್ರ.

ಇನ್ನೊಂದು ದಾರಿ ಕಳ್ಳಪೇಟೆಯದು. 1960ರ ದಶಕದಲ್ಲಿ ಬರ್ಮಾದಿಂದ ಮರಳಿಬಂದವರು ಮದರಾಸಿನಲ್ಲಿ ಕಟ್ಟಿದ ಬರ್ಮಾ ಬಜಾರ್ ವಿದೇಶೀ ಟೇಪ್‌ರೆಕಾರ್ಡರುಗಳಿಗೆ ಹೆಸರಾಯಿತು. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲೂ ಅದೇ ಹೆಸರಿನ ಅಂಗಡಿಸಾಲು ತಲೆಯೆತ್ತಿತು. ವಿಶಾಖಪಟ್ಟಣದ ಕಂಚರಪಾಲೆಂ ಬಳಿ ‘ಬರ್ಮಾ ಕ್ಯಾಂಪ್’ ಎಂಬ ಬಡಾವಣೆ ಇಂದಿಗೂ ಆ ವಲಸೆಯ ಗುರುತಾಗಿ ಉಳಿದಿದೆ. ಇಂಥ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆಯಾಗಿದ್ದುದಕ್ಕೆ ಕಾರಣ ಸ್ಪಷ್ಟವಾಗಿತ್ತು: ಸುಂಕವಿಲ್ಲ, ರಸೀತಿಯಿಲ್ಲ, ಗ್ಯಾರಂಟಿಯಿಲ್ಲ. ಕೊಳ್ಳುವವನಿಗೂ ಅದು ಗೊತ್ತಿತ್ತು. ಈ ಒಂದು ಅಂಶದಲ್ಲಿ ಹಳೆಯ ಕಳ್ಳಪೇಟೆ ಇಂದಿನ ಹಲವು ಜಾಲತಾಣಗಳಿಗಿಂತ ಪ್ರಾಮಾಣಿಕವಾಗಿತ್ತೆಂದು ನನಗೆ ಅನ್ನಿಸುತ್ತದೆ. ಅಗ್ಗವಾದುದಕ್ಕೆ ಕಾರಣವೇನೆಂದು ಅದು ಮುಚ್ಚಿಡುತ್ತಿರಲಿಲ್ಲ. ಬೆಂಗಳೂರಿನ ಎಸ್. ಪಿ. ರೋಡಿನದು, ಎಂದರೆ ಸಾದರ ಪತ್ರಪ್ಪ ರಸ್ತೆಯದು, ಬೇರೆಯೇ ಸಂಪ್ರದಾಯ. ಅಲ್ಲಿ ಬಿಡಿಭಾಗವನ್ನು ಕೊಂಡು, ಅಂಗಡಿಯಲ್ಲೇ ತಂತಿ ಸೇರಿಸಿ, ದೀಪ ಹೊತ್ತಿದ ಮೇಲೆ ಹಣ ಕೊಡುವುದು ರೂಢಿ.

ಈಗ ಬೆಲೆಯ ಕಥೆಗೆ ಬರೋಣ. ಜಾಲತಾಣದಲ್ಲಿ ಗೆರೆ ಎಳೆದು ಹೊಡೆದುಹಾಕಿದ ದೊಡ್ಡ ಅಂಕೆ, ಅದರ ಪಕ್ಕದಲ್ಲಿ ಚಿಕ್ಕ ಅಂಕೆ, ಕೆಳಗೆ ‘ಶೇ. 60 ರಿಯಾಯಿತಿ’ ಎಂಬ ಹಸಿರು ಅಕ್ಷರ. ಆ ದೊಡ್ಡ ಅಂಕೆಯೇ ಎಂ.ಆರ್.ಪಿ. ಅದರ ಮೂಲ 1977ರ ಪೊಟ್ಟಣದ ಸರಕುಗಳ ನಿಯಮಗಳಲ್ಲಿದೆ. ವರ್ತಕರು ‘ಸ್ಥಳೀಯ ತೆರಿಗೆ ಬೇರೆ’ ಎಂದು ಮನಬಂದಂತೆ ಸೇರಿಸುತ್ತಿದ್ದುದನ್ನು ತಡೆಯಲು, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವ ಪದ್ಧತಿ 1990ರಲ್ಲಿ ನೆಲೆಗೊಂಡಿತು. ಎಂದರೆ ಅದು ಕೊಳ್ಳುವವನ ರಕ್ಷಣೆಗೆಂದು ಹಾಕಿದ ಚಾವಣಿ. ಅದರಿಂದ ಮೇಲೆ ಹೋಗಬಾರದು, ಅಷ್ಟೆ. ಆ ಚಾವಣಿ ಎಷ್ಟು ಎತ್ತರವಿರಬೇಕೆಂದು ತೀರ್ಮಾನಿಸುವವನು ತಯಾರಕನೇ. ಎಂಟು ಸಾವಿರಕ್ಕೆ ಮಾರಬೇಕೆಂದಿರುವ ಸ್ಪೀಕರಿಗೆ ಇಪ್ಪತ್ತು ಸಾವಿರದ ಎಂ.ಆರ್.ಪಿ. ಅಚ್ಚುಹಾಕಿದರೆ, ಶೇ. 60ರ ರಿಯಾಯಿತಿ ಕಾರ್ಖಾನೆಯಲ್ಲಿಯೇ ಸಿದ್ಧವಾಗಿ ಬರುತ್ತದೆ. ರಕ್ಷಣೆಗೆಂದು ಹುಟ್ಟಿದ ಅಂಕೆ ಮೂವತ್ತು ವರ್ಷಗಳಲ್ಲಿ ಪ್ರಲೋಭನೆಯ ಸಾಧನವಾಯಿತು. ಆದುದರಿಂದ ರಿಯಾಯಿತಿಯ ಪ್ರಮಾಣವನ್ನು ನೋಡುವುದರಿಂದ ಏನೂ ತಿಳಿಯದು. ತಿಳಿಯುವುದು ಎರಡು ಸಂಗತಿಗಳಿಂದ: ಅದೇ ಮಾದರಿ ಕಳೆದ ಮೂರು ನಾಲ್ಕು ತಿಂಗಳಲ್ಲಿ ಎಷ್ಟಕ್ಕೆ ಮಾರಿದೆ, ಮತ್ತು ಇಂದು ದ್ವಾರಕಾ ನಗರದ ಅಂಗಡಿಯವನು ರಸೀತಿ ಸಹಿತ ಎಷ್ಟಕ್ಕೆ ಕೊಡುತ್ತಾನೆ. ಹಳೆಯ ಬೆಲೆಗಳನ್ನು ರೇಖಾಚಿತ್ರವಾಗಿ ತೋರಿಸುವ ತಾಣಗಳು ಈಗ ಹಲವಿವೆ. ಹಬ್ಬದ ಮಾರಾಟಕ್ಕೆ ಎರಡು ವಾರ ಮುಂಚೆ ಆ ರೇಖೆ ಮೆಲ್ಲನೆ ಮೇಲೇರಿ, ಹಬ್ಬದ ದಿನ ಧುಮುಕಿ, ಮೊದಲಿದ್ದ ಮಟ್ಟಕ್ಕೇ ಬಂದು ನಿಂತಿದ್ದರೆ ಅಂಥ ರಿಯಾಯಿತಿಯ ಅರ್ಥ ತಾನಾಗಿ ತಿಳಿಯುತ್ತದೆ.

ಭಾರತದ ಅಂತರ್ಜಾಲ ವ್ಯಾಪಾರದ ಆರಂಭದ ಅಧ್ಯಾಯಗಳು ಬಹುಮಟ್ಟಿಗೆ ಬೆಂಗಳೂರಿನಲ್ಲಿಯೇ ಬರೆಯಲ್ಪಟ್ಟವು. 1999ರಲ್ಲಿ ಅಲ್ಲಿ ಆರಂಭವಾದ ಫ್ಯಾಬ್‌ಮಾರ್ಟ್ ಮುಂದೆ ಇಂಡಿಯಾಪ್ಲಾಜಾ ಎಂದಾಗಿ 2013ರಲ್ಲಿ ಮುಚ್ಚಿಹೋಯಿತು. 2000ದಲ್ಲಿ ಆರಂಭವಾದ ಬಾಜೀಯನ್ನು 2004ರಲ್ಲಿ ಅಮೆರಿಕದ ಈಬೇ ಕೊಂಡಿತು. ಆದರೆ ಜನಸಾಮಾನ್ಯನಿಗೆ ಪರದೆಯ ಮೇಲೆ ಹಣ ಕೊಡುವ ಧೈರ್ಯವನ್ನು ಕಲಿಸಿದ್ದು ಇವರಾರೂ ಅಲ್ಲ, 2002ರಲ್ಲಿ ಟಿಕೆಟ್ ಮಾರಲು ತೊಡಗಿದ ರೈಲ್ವೆಯ ಐ.ಆರ್.ಸಿ.ಟಿ.ಸಿ. ರಜೆಗೆ ಊರಿಗೆ ಹೋಗುವ ಹೊರನಾಡಿನವರೇ ಇದರ ಮೊದಲ ಸಾಲಿನ ವಿದ್ಯಾರ್ಥಿಗಳಾಗಿದ್ದಿರಬೇಕು. 2007ರ ಅಕ್ಟೋಬರಿನಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬಿಬ್ಬರು ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದರು. ಅವರಿಗೆ ಬಂದ ಮೊದಲ ಬೇಡಿಕೆ ಒಂದು ಪುಸ್ತಕಕ್ಕೆ. ಅದು ಬಂದದ್ದು ಅಂದಿನ ಆಂಧ್ರಪ್ರದೇಶದ ಮೆಹಬೂಬ್‌ನಗರದಿಂದ. ಕನ್ನಡನಾಡಿನಿಂದ ತೆಲುಗುನಾಡಿಗೆ ಪುಸ್ತಕದ ಪಾರ್ಸೆಲ್: ವಿ.ಪಿ.ಪಿ.ಯ ಹಳೆಯ ಹಾದಿಯೇ.

2009ರ ಆಗಸ್ಟ್ 1ರಿಂದ ಕಾರ್ಡಿನಲ್ಲಿ ಆನ್‌ಲೈನ್ ಪಾವತಿ ಮಾಡುವಾಗ ಎರಡನೆಯ ದೃಢೀಕರಣ ಕಡ್ಡಾಯವೆಂದು ರಿಸರ್ವ್ ಬ್ಯಾಂಕ್ ವಿಧಿಸಿತು. ನಮ್ಮ ಓ.ಟಿ.ಪಿ.ಯ ವಂಶಾವಳಿ ಅಲ್ಲಿಂದ ತೊಡಗುತ್ತದೆ. 2010ರಲ್ಲಿ ಫ್ಲಿಪ್‌ಕಾರ್ಟ್ ಮೊಬೈಲ್ ಫೋನುಗಳನ್ನು ಮಾರತೊಡಗಿತು. ಅದೇ ವರ್ಷ ಸರಕು ಬಂದ ಮೇಲೆ ಹಣ ಕೊಡುವ ‘ಕ್ಯಾಷ್ ಆನ್ ಡೆಲಿವರಿ’ಯನ್ನು ತಂದಿತು. ಪತ್ರಿಕೆಗಳು ಅದನ್ನು ಹೊಸ ಆವಿಷ್ಕಾರವೆಂದು ಕೊಂಡಾಡಿದವು. ಹೆಸರು ಮಾತ್ರ ಹೊಸದು. ವಿ.ಪಿ.ಪಿ.ಯ ಗುಣವೂ ಅದರ ಬಿರುಕೂ ಹಾಗೆಯೇ ಬಂದವು: ಹಣ ಮೊದಲು, ಕಟ್ಟು ಬಿಚ್ಚುವುದು ಆಮೇಲೆ. ತಲುಪಿಸುವವನ ಎದುರಿನಲ್ಲಿಯೇ ಪೆಟ್ಟಿಗೆ ತೆರೆದು ನೋಡಿ ಓ.ಟಿ.ಪಿ. ಹೇಳುವ ‘ಓಪನ್ ಬಾಕ್ಸ್’ ಪದ್ಧತಿ ಬಂದ ಮೇಲೆ ಮಾತ್ರ, 1877ರಿಂದ ತೆರೆದೇ ಇದ್ದ ಆ ಬಿರುಕಿಗೆ ಅಷ್ಟಿಷ್ಟು ತೇಪೆ ಬಿದ್ದಿತು. ದುಬಾರಿ ವಸ್ತುವಿಗೆ ಈ ಸೌಲಭ್ಯವಿದ್ದಾಗ ಅದನ್ನು ಆರಿಸಿಕೊಳ್ಳದಿರಲು ಕಾರಣವೇ ಇಲ್ಲ. ಇಲ್ಲದಿದ್ದಲ್ಲಿ, ಅಂಟುಪಟ್ಟಿ ಕೀಳುವ ಮುನ್ನವೇ ಆರಂಭಿಸಿದ, ಎಲ್ಲಿಯೂ ನಿಲ್ಲಿಸದ ವೀಡಿಯೊ ಒಂದೇ ಸಾಕ್ಷಿ.

2014ನ್ನು ಈ ಚರಿತ್ರೆಯ ಸಂಕ್ರಮಣದ ವರ್ಷವೆನ್ನಬಹುದು. ಫೆಬ್ರವರಿಯಲ್ಲಿ ಮೋಟೊ ಜಿ, ಜುಲೈನಲ್ಲಿ ಶವೋಮಿಯ ಮಿ 3 ಅಂಗಡಿಗಳಿಗೆ ಬರದೆ ನೇರವಾಗಿ ಜಾಲತಾಣದಲ್ಲಿ ಮಾರಾಟವಾದವು. ಕ್ಷಣಗಳಲ್ಲಿ ಮುಗಿದುಹೋಗುವ ‘ಫ್ಲ್ಯಾಷ್ ಸೇಲ್’, ಪರದೆಯ ಮೇಲೆ ಹಿಂದಕ್ಕೆ ಎಣಿಸುವ ಗಡಿಯಾರ ಆಗ ನಮಗೆ ಪರಿಚಯವಾದವು. ಅಕ್ಟೋಬರ್ 6ರಂದು ಬಂದಿತು ‘ಬಿಗ್ ಬಿಲಿಯನ್ ಡೇ’. ಹತ್ತು ಗಂಟೆಗಳಲ್ಲಿ ಸುಮಾರು 600 ಕೋಟಿ ರೂಪಾಯಿಗಳ ವ್ಯಾಪಾರವಾಯಿತೆಂದು ಸಂಸ್ಥೆ ಹೇಳಿತು. ತಾಣ ಕುಸಿಯಿತು, ಬೇಡಿಕೆಗಳು ರದ್ದಾದವು, ಬೆಲೆಗಳನ್ನು ಮೊದಲು ಏರಿಸಿ ಆಮೇಲೆ ಇಳಿಸಿದ್ದಾರೆಂಬ ದೂರುಗಳು ಎದ್ದವು; ಮರುದಿನ ಸ್ಥಾಪಕರಿಬ್ಬರೂ ಗ್ರಾಹಕರ ಕ್ಷಮೆ ಕೋರಿ ಪತ್ರ ಬರೆದರು. ಫೋನಿನ ಬದಲು ಪಾತ್ರೆ ತೊಳೆಯುವ ಸೋಪು ಬಂತೆಂಬ ಸುದ್ದಿ ದೇಶವೆಲ್ಲ ಹರಡಿದ್ದೂ ಅದೇ ತಿಂಗಳು. ಇಟ್ಟಿಗೆ ಕಾಲಕ್ಕೆ ತಕ್ಕಂತೆ ಹಗುರವಾಗಿತ್ತು.

2016ರ ಫೆಬ್ರವರಿಯ ‘ಫ್ರೀಡಂ 251’ ಇದರ ಪರಾಕಾಷ್ಠೆ. ನೊಯ್ಡಾದ ಸಂಸ್ಥೆಯೊಂದು 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುವುದಾಗಿ ಪತ್ರಿಕೆಗಳಲ್ಲಿ ಪುಟತುಂಬ ಜಾಹೀರಾತು ಕೊಟ್ಟಿತು. ತೋರಿಸಲು ಕೊಟ್ಟ ಮಾದರಿಯಲ್ಲಿ ಬೇರೊಂದು ಕಂಪನಿಯ ಹೆಸರಿನ ಮೇಲೆ ಬಿಳಿಬಣ್ಣ ಬಳಿದಿರುವುದನ್ನು ಪತ್ರಕರ್ತರು ಅಂದೇ ಕಂಡುಹಿಡಿದರು. ಆದರೂ ಕೋಟಿಗಟ್ಟಲೆ ಜನ ಹೆಸರು ನೋಂದಾಯಿಸಿದರೆಂದು ಸಂಸ್ಥೆ ಹೇಳಿಕೊಂಡಿತು. ಪರದೆ, ಬ್ಯಾಟರಿ, ಚಿಪ್‌ಗಳ ಮಾರುಕಟ್ಟೆಯ ಬೆಲೆಯನ್ನು ಕೂಡಿಸಿ ನೋಡುವಷ್ಟು ವ್ಯವಧಾನವಿದ್ದವರಿಗೆ ಇದು ಆಗದ ಕೆಲಸವೆಂದು ಮೊದಲ ದಿನವೇ ತಿಳಿಯುತ್ತಿತ್ತು. 251 ರೂಪಾಯಿ ಹೋದರೆ ಹೋಗಲಿ ಎಂಬ ಮನೋಭಾವವೇ ಅಂಥವರ ಬಂಡವಾಳ.

ಅದೇ ವರ್ಷ ಮಾರ್ಚಿನಲ್ಲಿ, ಯಾರ ಗಮನವನ್ನೂ ಅಷ್ಟಾಗಿ ಸೆಳೆಯದ ಒಂದು ಸರಕಾರಿ ಟಿಪ್ಪಣಿ ಹೊರಬಿದ್ದಿತು. 2016ರ ‘ಪ್ರೆಸ್ ನೋಟ್ 3’ ಎಂದು ಅದರ ಹೆಸರು. ವಿದೇಶೀ ಬಂಡವಾಳವಿರುವ ಜಾಲತಾಣ ಸ್ವಂತ ಸರಕನ್ನು ಮಾರುವಂತಿಲ್ಲ, ಮಾರುವವರಿಗೂ ಕೊಳ್ಳುವವರಿಗೂ ‘ಮಾರುಕಟ್ಟೆ’ಯನ್ನು ಮಾತ್ರ ಒದಗಿಸಬಹುದು, ಸರಕಿನ ಗ್ಯಾರಂಟಿ ವಾರಂಟಿಗಳ ಹೊಣೆ ಮಾರುವವನದು ಎಂದು ಅದು ಹೇಳಿತು. ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ ಎಂದು ನನ್ನ ಎಣಿಕೆ. ‘ನಾನು ಆ ದೊಡ್ಡ ತಾಣದಲ್ಲಿ ಕೊಂಡೆ’ ಎಂದು ನಾವು ಹೇಳುತ್ತೇವೆ. ಕಾನೂನಿನ ಕಣ್ಣಿನಲ್ಲಿ ನಾವು ಕೊಂಡದ್ದು ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ, ಹೆಸರೇ ಕೇಳದ ವರ್ತಕನೊಬ್ಬನಿಂದ. ಸಂತೆಯ ಮೈದಾನಕ್ಕೆ ಹೆಸರಿದೆಯೆಂದು ಅಲ್ಲಿ ಕುಳಿತವರೆಲ್ಲರೂ ಸಾಹುಕಾರರಾಗುವುದಿಲ್ಲ. ಒಂದೇ ಫೋನಿನ ಪುಟದಲ್ಲಿ ಐದಾರು ವರ್ತಕರಿರಬಹುದು. ಎಲ್ಲರಿಗಿಂತ ಐನೂರು ರೂಪಾಯಿ ಕಡಿಮೆಗೆ ಕೊಡುವವನು ನಿನ್ನೆ ಮೊನ್ನೆ ಬಂದವನೋ, ತಯಾರಕರು ತಮ್ಮ ತಾಣದಲ್ಲಿ ಅಧಿಕೃತನೆಂದು ಹೆಸರಿಸಿದವನೋ ಎಂದು ನೋಡಬೇಕು. ಕಂಪನಿಯ ಸೇವಾಕೇಂದ್ರ ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಇದೆಯೇ ಎಂಬುದನ್ನೂ ಹಣ ಕೊಡುವ ಮುನ್ನವೇ ನೋಡುವುದು ಲೇಸು.

ಸಣ್ಣ ಅಕ್ಷರದ ಇನ್ನೊಂದು ಸಂತಾನ ‘ನೋ ಕಾಸ್ಟ್ ಇ.ಎಂ.ಐ.’ ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಬಳಿಕ ಬಂದ ಈ ಹೆಸರಿನ ಯೋಜನೆಗಳಲ್ಲಿ ಬಡ್ಡಿಯಷ್ಟೇ ಮೊತ್ತವನ್ನು ಬೆಲೆಯಲ್ಲಿ ಮೊದಲು ಕಳೆದು, ಬ್ಯಾಂಕು ಅದನ್ನೇ ಬಡ್ಡಿಯಾಗಿ ವಸೂಲು ಮಾಡುತ್ತದೆ. ಆ ಬಡ್ಡಿಯ ಮೇಲೆ ಶೇ. 18ರ ಜಿ.ಎಸ್.ಟಿ. ಬೀಳುತ್ತದೆ. ಒಮ್ಮೆಗೇ ಹಣ ಕೊಡುವವನಿಗೆ ಸಿಗುವ ರಿಯಾಯಿತಿ ಕಂತಿನವನಿಗೆ ಎಷ್ಟೋ ಸಲ ಸಿಗುವುದಿಲ್ಲ.

ಕಡಲತೀರದ ಸೆಕೆಯ ಊರಿನಲ್ಲಿ ಏರ್ ಕಂಡಿಷನರಿನ ಮಾತು ಬಿಡುವಂತಿಲ್ಲ. ನಕ್ಷತ್ರಗಳ ಪಟ್ಟಿಯನ್ನು ನೋಡಿ ಕೊಳ್ಳುವುದು ಸರಿಯೇ. ಆದರೆ ಆ ನಕ್ಷತ್ರಗಳ ಅಳತೆಗೋಲು ಆಗಾಗ ಬಿಗಿಯಾಗುತ್ತದೆ: 2022ರ ಜುಲೈನಲ್ಲಿ ಅಳತೆ ಬದಲಾದಾಗ ಹಿಂದಿನ ಐದು ನಕ್ಷತ್ರದ ಯಂತ್ರ ನಾಲ್ಕಕ್ಕೆ ಇಳಿಯಿತು. ಗೋದಾಮಿನಲ್ಲಿ ಉಳಿದ ಹಳೆಯ ಸರಕನ್ನು ಹೊರದೂಡುವ ಮಾರಾಟಗಳಲ್ಲಿ ಚೀಟಿಯ ಮೇಲಿನ ನಕ್ಷತ್ರಕ್ಕಿಂತ ಅದರ ಅವಧಿಯ ವರ್ಷ ಮುಖ್ಯ. ಚಾರ್ಜರು, ಪವರ್ ಬ್ಯಾಂಕುಗಳ ವಿಷಯದಲ್ಲಿ ನೋಡಬೇಕಾದದ್ದು ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಗುರುತು. 2012ರ ಆದೇಶದಲ್ಲಿ ಹದಿನೈದು ಬಗೆಯ ಸರಕುಗಳಿಂದ ತೊಡಗಿದ ಈ ಕಡ್ಡಾಯ ನೋಂದಣಿಗೆ ಮುಂದೆ ಮೊಬೈಲು, ಪವರ್ ಬ್ಯಾಂಕುಗಳೂ ಸೇರಿದವು. ಗುರುತಿನ ಕೆಳಗಿನ ‘ಆರ್’ ಅಕ್ಷರದ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕನ ಹೆಸರು ಬರುತ್ತದೆ, ಇಲ್ಲವೇ ಬರುವುದಿಲ್ಲ. ಹಳೆಯ ಫೋನು ಕೊಳ್ಳುವವರಿಗೆ ಐ.ಎಂ.ಇ.ಐ. ಸಂಖ್ಯೆ ಜಾತಕವಿದ್ದಂತೆ. ಮುಂಬಯಿಯ ದಾಳಿಯ ಮರುವರ್ಷ, 2009ರ ಕೊನೆಯಲ್ಲಿ, ಆ ಸಂಖ್ಯೆಯಿಲ್ಲದ ಲಕ್ಷಾಂತರ ‘ಚೈನಾ ಸೆಟ್ಟು’ಗಳು ಒಮ್ಮೆಗೇ ಮೂಕವಾದದ್ದು ಹಲವರಿಗೆ ನೆನಪಿರಬಹುದು. ಈಗ *#06# ಒತ್ತಿ ಬಂದ ಸಂಖ್ಯೆಯನ್ನು ಪೆಟ್ಟಿಗೆಯ ಮೇಲಿನದರೊಂದಿಗೆ ಹೋಲಿಸಿ, 2023ರಲ್ಲಿ ಬಂದ ಸಂಚಾರ್ ಸಾಥಿ ತಾಣದಲ್ಲಿ ಅದು ಕಳವಿನದೋ ಎಂದು ನೋಡಬಹುದು. ಹಳೆಯ ವಸ್ತುಗಳನ್ನು ಮಾರುವ ತಾಣಗಳಲ್ಲಿ ‘ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಬೇಗ ಮಾರಬೇಕು’ ಎಂದು ಗುರುತಿನ ಚೀಟಿಯ ಚಿತ್ರ ಕಳುಹಿಸುವ ವಂಚಕರು ದೇಶದೆಲ್ಲೆಡೆ ಇದ್ದಾರೆ. ನೌಕಾಪಡೆಯ ಊರಿನಲ್ಲಿ ಆ ಮಾತು ಇನ್ನಷ್ಟು ಸಹಜವಾಗಿ ಕೇಳಿಸುತ್ತದೆ. ಹಣ ಪಡೆಯಲು ಯು.ಪಿ.ಐ. ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲವೆಂಬುದು ತಿಳಿದಿದ್ದರೆ ಅವರ ಆಟ ಅಲ್ಲಿಗೇ ನಿಲ್ಲುತ್ತದೆ.

ಹೊರನಾಡಿನವರಿಗೆ ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಮಾತ್ರ 2020ರ ಜುಲೈ 20ರಂದು ಜಾರಿಗೆ ಬಂದಿತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರು ಕೊಡಬೇಕಾಗಿದ್ದುದು ಎದುರುಪಕ್ಷದವನು ಇರುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲಿ. ಪರದೆಯ ಮೇಲಿನ ವ್ಯಾಪಾರದಲ್ಲಿ ಕಾರಣ ಹುಟ್ಟಿದ್ದೆಲ್ಲಿ ಎಂಬುದೇ ವಾದಕ್ಕೆ ವಸ್ತುವಾಗುತ್ತಿತ್ತು. ನಾಲ್ಕು ಸಾವಿರ ರೂಪಾಯಿಯ ಇಯರ್‌ಫೋನಿಗಾಗಿ ವಿಶಾಖಪಟ್ಟಣದಿಂದ ಬೆಂಗಳೂರಿಗೋ ಗುರುಗ್ರಾಮಕ್ಕೋ ಹೋಗಿ ದಾವೆ ಹೂಡುವವರು ಯಾರು? 2019ರ ಹೊಸ ಕಾಯಿದೆ, ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದೆಂದಿತು. ಅದರ ಕೆಳಗೆ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ ವರ್ತಕನ ಹೆಸರು ವಿಳಾಸಗಳನ್ನು ತಾಣವು ಪ್ರಕಟಿಸಬೇಕು, ಅದರ ದೂರು ಅಧಿಕಾರಿ 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿದೆನೆಂದು ತಿಳಿಸಿ ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಆಗದಿದ್ದರೆ 1915 ಎಂಬ ಸಹಾಯವಾಣಿಯಿದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಆಯೋಗ. ಐದು ಲಕ್ಷ ರೂಪಾಯಿಗಳವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಮಾರಿದವನ ವಿಳಾಸ ಯಾವ ರಾಜ್ಯದ್ದಾದರೂ ಇರಲಿ, ದ್ವಾರಕಾ ನಗರದ ನಿವಾಸಿಯ ದೂರು ಈಗ ವಿಶಾಖಪಟ್ಟಣದ ಆಯೋಗದಲ್ಲಿಯೇ ನಡೆಯುತ್ತದೆ, ವಿಜಯವಾಡದವರದು ಅವರ ಜಿಲ್ಲೆಯ ಆಯೋಗದಲ್ಲಿ. ಅಲ್ಲಿ ಮೊದಲು ಕೇಳುವುದು ರಸೀತಿಯನ್ನು.